ಒಗೆಯೋರು ಯಾರು?

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಉಳಿದರ್ಧ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಹೋಯಿತಂತೆ. ರಿಪೇರಿಗೆ ಹೋದಲ್ಲಿ, ವಾಷಿಂಗ್ ಮೆಷಿನ್ನಿನ ಮೂಲೆಯಲ್ಲಿ ಗಟ್ಟಿ ಕಟ್ಟಿದ ಸೋಪಿನ ಪುಡಿಯನ್ನು ಆ ಅರ್ಧ ಉಗುರಿನಿಂದಲೇ ಕೆರೆದು, ಅಂಗೈಯಲ್ಲಿಟ್ಟು ಮನೆಯವರಿಗೆ ತೋರಿಸುತ್ತಿದ್ದರು. “ನೋಡಿ, ನೀವು ಹಾಕಿದ್ದು ಬಟ್ಟೆ ಮುಟ್ಟಿಲ್ಲ. ಮೆಷಿನ್ನೇ ತಿಂದಿದೆ.”

ಕಾರ್ಖಾನೆ ಬಿಟ್ಟ ಮೇಲೆ ಅದೇ ಊರಿನಲ್ಲಿ ಮೆಷಿನ್ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟರು. ಎಲ್ಲರಿಗೂ ಅವರು ಮೇಸ್ತ್ರಿ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಾರ್ಖಾನೆ ಕ್ವಾರ್ಟರ್ಸಿನ ಮನೆಗಳಲ್ಲಿ ಬಟ್ಟೆ ಒಗೆದು ಅಮ್ಮ ನನ್ನನ್ನು ಓದಿಸಿದಳು. ನನಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿ, ರಾಗಿಗುಡ್ಡದ ಬಾಡಿಗೆ ಮನೆಗೆ ಕರೆತಂದ ಮೇಲೂ ಅವಳು ಒಗೆಯುವ ಕಲ್ಲು ಬಿಡಲಿಲ್ಲ. ಅದನ್ನು ಬಿಡಿಸಲೇಬೇಕೆಂದು ಹದಿನೈದು ದಿನ ವಾಷಿಂಗ್ ಮೆಷಿನ್ನುಗಳ ಬಗ್ಗೆ ಮೊಬೈಲಿನಲ್ಲಿ ಓದಿ, ಹಾಳೆಯ ತುಂಬ ಬರೆದುಕೊಂಡೆ. ಮೇಲೆ ಮುಚ್ಚಳವಿರುವ ಟಾಪ್ ಲೋಡ್ ಆದರೆ ನಿಂತೇ ಬಟ್ಟೆ ಹಾಕಬಹುದು, ಮರೆತ ಬಟ್ಟೆಯನ್ನು ನಡುವೆ ಸೇರಿಸಬಹುದು, ಬೇಗ ಮುಗಿಯುತ್ತದೆ. ಮುಂದೆ ಬಾಗಿಲಿರುವ ಫ್ರಂಟ್ ಲೋಡಿಗೆ ಬಗ್ಗಬೇಕು, ತಾಸುಗಟ್ಟಲೆ ಕಾಯಬೇಕು. ಟಾಪ್ ಲೋಡೇ ಸರಿ ಎಂದು ತೀರ್ಮಾನಿಸಿ ಭದ್ರಾವತಿಗೆ ಮೇಸ್ತ್ರಿ ಹತ್ತಿರ ಹೋದೆ.

ಅವರು ಹಾಳೆಯನ್ನು ಪೂರ್ತಿ ಓದಿ ವಾಪಸ್ ಕೊಟ್ಟರು. “ಚೆನ್ನಾಗಿ ಬರ್ದಿದೀಯ. ಒಗೆಯೋರು ಯಾರು?”

“ಅಮ್ಮ.”

“ಮತ್ತೆ ಅವರೆಲ್ಲಿ? ಗಂಡು ಇಲ್ದೆ ದಿಬ್ಬಣ ಬಂದಂಗಾಯ್ತಲ್ಲ ಮಾರಾಯ್ತಿ! ಹೋಗಿ ಕರ್ಕೊಂಡು ಬಾ.”

ಓದಿದವಳಿಗೆ ಹೀಗಂದರಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಟ್ಟು. ಆದರೂ ಭಾನುವಾರ ಅಮ್ಮನೊಂದಿಗೆ ಹೋದೆ.

ಅಂಗಡಿಯಲ್ಲಿ ಎರಡೂ ಬಗೆಯ ಹಳೆಯ ಮೆಷಿನ್ನುಗಳಿದ್ದವು. ಮೇಸ್ತ್ರಿ ದಪ್ಪ ಹೊದಿಕೆಯೊಂದನ್ನು ನೆನೆಸಿ ಟಾಪ್ ಲೋಡಿಗೆ ಹಾಕಿದರು. “ತೆಗೀರಮ್ಮ.”

ಅಮ್ಮ ಕುಳ್ಳಿ. ತುದಿಗಾಲಲ್ಲಿ ನಿಂತು ಕೈ ಇಳಿಸಿದಳು. ಹೊದಿಕೆ ಅಂಚಿನವರೆಗೆ ಬಂದು ನಿಂತಿತು. ಅವಳ ಎಡಗೈ ತಾನಾಗಿ ಬಂದು ಬಲ ಮೊಣಕೈಯನ್ನು ಹಿಡಿದುಕೊಂಡಿತು. “ಅಭ್ಯಾಸ ಆಗುತ್ತೆ ಬಿಡಿ,” ಎಂದು ನಕ್ಕಳು.

ಮೇಸ್ತ್ರಿ ನಗಲಿಲ್ಲ. “ಭುಜ ಎಷ್ಟು ದಿನದಿಂದ ನೋವು?”

ಅಮ್ಮ ನನ್ನ ಮುಖ ನೋಡಿದಳು. “ಎರಡು ವರ್ಷ ಆಯ್ತು.”

ಆ ಎರಡು ವರ್ಷವೂ ನಾನು ಅದೇ ಮನೆಯಲ್ಲಿದ್ದೆ.

ಅದೇ ಹೊದಿಕೆಯನ್ನು ಅವರು ಫ್ರಂಟ್ ಲೋಡಿಗೆ ಹಾಕಿ, ಮುಂದೆ ಒಂದು ಸ್ಟೂಲ್ ಇಟ್ಟರು. ಅಮ್ಮ ಕೂತು ಸರಾಗವಾಗಿ ಎಳೆದುಕೊಂಡಳು. “ಬಗ್ಗಬೇಕು ಅಂತ ಬರ್ದಿದ್ಯಲ್ಲ? ಬಗ್ಗೋರಿಗೆ ಸ್ಟೂಲ್ ಕೊಡಬಹುದು. ಎತ್ತಕ್ಕಾಗದ ಭುಜಕ್ಕೆ ಏನ್ ಕೊಡ್ತೀಯ?” ಎಂದರು. ಆಮೇಲೆ, “ಎಲ್ಲರಿಗೂ ಇದೇ ಅಂತಲ್ಲ. ಮಂಡಿ ಮಡಚಕ್ಕಾಗದೋರು ಬಂದಿದ್ರೆ ಆ ಟಾಪ್ ಲೋಡನ್ನೇ ಕೊಡ್ತಿದ್ದೆ.”

ಫ್ರಂಟ್ ಲೋಡನ್ನೇ ಕೊಂಡೆವು. ಮೇಸ್ತ್ರಿ ಮನೆಗೆ ಬಂದು ತಾವೇ ಜೋಡಿಸಿದರು. ಮೊದಲು ನಲ್ಲಿಗೆ ಬಕೆಟ್ ಇಟ್ಟು ನೀರಿನ ರಭಸ ನೋಡಿದರು. ಕೊನೆಗೆ ಮೆಷಿನ್ ಅಲುಗಾಡದೆ ಕೂತಿದೆಯೇ ಎಂದು ನೋಡಲು ಅದರ ಮೇಲೆ ನೀರು ತುಂಬಿದ ಲೋಟ ಇಟ್ಟು ಓಡಿಸಿದರು. ಹನಿಯೂ ಚೆಲ್ಲಲಿಲ್ಲ.

ಮೂರನೇ ದಿನ ಬಚ್ಚಲು ತುಂಬ ನೊರೆ. ಅಷ್ಟು ಕಡಿಮೆ ನೀರಿನಲ್ಲಿ ಕೊಳೆ ಹೋಗುತ್ತದೆಂದು ನಂಬದ ಅಮ್ಮ, ಕೈಯಲ್ಲಿ ಒಗೆಯುವ ಪುಡಿಯನ್ನು ಎರಡು ಮುಷ್ಟಿ ಸುರಿದಿದ್ದಳು. ನಾನು ರೇಗಿದೆ. ಫೋನ್ ಮಾಡಿದಾಗ ಬಂದ ಮೇಸ್ತ್ರಿ ರೇಗಲಿಲ್ಲ. “ನೊರೆ ನೋಡ್ದೆ ನಿಮ್ ಕೈಗೆ ಸಮಾಧಾನ ಇಲ್ಲ, ಅಲ್ವೇನಮ್ಮ? ಇದಕ್ಕೆ ನೊರೆ ಆಗಿಬರಲ್ಲ, ಉಸಿರು ಕಟ್ಟುತ್ತೆ,” ಎಂದು ಮೆಷಿನ್ನಿನ ಪುಡಿ ಅಳೆಯಲು ಬಾಟಲಿಯ ಮುಚ್ಚಳವೊಂದಕ್ಕೆ ಗೆರೆ ಕೊರೆದು ಕೊಟ್ಟರು. ಅಮ್ಮ ಇಂದಿಗೂ ಅದರಲ್ಲೇ ಅಳೆಯುತ್ತಾಳೆ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಸುದ್ದಿ ಹೇಳಿದಾಗ ಅಮ್ಮ ಸ್ಟೂಲ್ ಮೇಲೆ ಕೂತು ಬಟ್ಟೆ ತೆಗೆಯುತ್ತಿದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

“ನೋವಿದೆ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ ಮಗಾ,” ಎಂದಳು. “ಅವರು ಕೇಳಿದ್ರು.”

ನಾನು ಬಕೆಟ್ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಒಣಹಾಕುವ ತಂತಿ ಎತ್ತರದಲ್ಲಿದೆ. ಅಂಗಡಿಗೆ ಹೋದ ಆ ಭಾನುವಾರದಿಂದ ಒಣಹಾಕುವುದು ನನ್ನ ಕೆಲಸ.