ಯಜಮಾನರ ಭುಜಕ್ಕೇರದ ರೈಫಲ್ಲು

ನಮ್ಮ ಯಜಮಾನರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಉಳಿಯ ಬಾಯಿಯ ಹಾಗೆ ಅಂಚು ಸಮವಾಗಿ ಇರುತ್ತಿತ್ತು. ಮಿಕ್ಕ ಬೆರಳುಗಳ ಉಗುರನ್ನೆಲ್ಲ ಬುಡಕ್ಕೆ ಕತ್ತರಿಸಿ ಅದೊಂದನ್ನು ಮಾತ್ರ ಸ್ವಲ್ಪ ಬಿಡುತ್ತಿದ್ದರು. ಲೇತ್ ಯಂತ್ರದಿಂದ ಇಳಿಸಿದ ಉಕ್ಕಿನ ತುಂಡನ್ನು ಕೈಗೆ ಕೊಟ್ಟರೆ ಕನ್ನಡಕ ಹುಡುಕುತ್ತಿರಲಿಲ್ಲ, ಮೈಕ್ರೋಮೀಟರ್ ಕೇಳುತ್ತಿರಲಿಲ್ಲ. ಮೊದಲು ಕಣ್ಣು ಮುಚ್ಚಿ ಆ ಉಗುರನ್ನು ಉಕ್ಕಿನ ಮೇಲೆ ಎಳೆಯುತ್ತಿದ್ದರು. ಎಲ್ಲಾದರೂ ಉಗುರು ತಡೆದರೆ ಹುಬ್ಬು ಮೇಲೇರುತ್ತಿತ್ತು. ಆ ಹುಬ್ಬು ಏರದಿರಲಿ ಅಂತಲೇ ನಾನು ಇಷ್ಟು ವರ್ಷ ದುಡಿದದ್ದು.

ಅವರ ವರ್ಕ್‌ಶಾಪು ಕಡಲಾಚೆಯ ಈ ಊರಿನ ಕಲ್ಲಾಂಗ್ ಅನ್ನುವ ಬಡಾವಣೆಯಲ್ಲಿತ್ತು. ಎಲ್ಲರೂ ಅವರನ್ನು ಬಾಸ್ ಅನ್ನುತ್ತಿದ್ದರು. ಮಂಡ್ಯ ಕಡೆಯಿಂದ ಬಂದ ನನ್ನ ಬಾಯಿಗೆ ಬಂದದ್ದು ಯಜಮಾನ್ರೇ ಅಂತ. ಅವರು ಮೈಸೂರಿನವರು, ಓದಿದ ಎಂಜಿನಿಯರು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದಕ್ಕಾಗಿ ಯಾರಾದರೂ ಅಯ್ಯೋ ಪಾಪ ಅಂದರೆ ನನಗೆ ಮೈ ಉರಿಯುತ್ತದೆ. ಅವರು ಒಂದು ದಿನವೂ ಅನ್ನಲಿಲ್ಲ. ನನಗೆ ಡ್ರಾಯಿಂಗ್ ಓದಲು ಬರುವುದಿಲ್ಲ ಅಂತ ಗೊತ್ತಾದಾಗ ಹಾಕರ್ ಸೆಂಟರಿಗೆ ಊಟಕ್ಕೆ ಕರೆದುಕೊಂಡು ಹೋದರು. ಟಿಶ್ಯೂ ಕಾಗದದ ಮೇಲೆ ಪೆನ್ನಲ್ಲಿ ಗೆರೆ ಎಳೆದು, "ಇದು ಮೇಲಿಂದ ನೋಡಿದ್ದು, ಇದು ಪಕ್ಕದಿಂದ. ನಿಮ್ಮೂರಲ್ಲಿ ಮನೆ ಕಟ್ಟೋ ಮೇಸ್ತ್ರಿ ನೆಲದ ಮೇಲೆ ಕಡ್ಡೀಲಿ ಗೀಚಿ ತೋರಿಸ್ತಾನಲ್ಲ, ಅಷ್ಟೇ ಕಣೋ" ಎಂದರು. ಎಷ್ಟೋ ದಿನ ಹಾಗೇ ನಡೆಯಿತು. ಅವರ ಊಟ ಆರಿ ತಣ್ಣಗಾಗುತ್ತಿತ್ತು. ಇವತ್ತು ಎಂಥ ಡ್ರಾಯಿಂಗ್ ಕೊಟ್ಟರೂ ನಾನು ಇನ್ನೊಬ್ಬರನ್ನು ಕೇಳುವುದಿಲ್ಲ.

ವರ್ಕ್‌ಶಾಪಿಗೆ ಶೂಟಿಂಗ್ ಕ್ಲಬ್ಬಿನ ಬಂದೂಕು ರಿಪೇರಿ ಮಾಡುವ ಲೈಸೆನ್ಸೂ ಇತ್ತು. ಈ ಊರಲ್ಲಿ ಬಂದೂಕು ಅಂದರೆ ಹುಡುಗಾಟವಲ್ಲ. ಕ್ಲಬ್ಬಿನ ಶಸ್ತ್ರಾಗಾರದಿಂದ ಒಂದು ಸ್ಕ್ರೂ ಹೊರಗೆ ಬರಬೇಕಾದರೂ ಅನುಮತಿ ಬೇಕು. ಆಯುಸ್ಸೆಲ್ಲ ಇನ್ನೊಬ್ಬರ ಬಂದೂಕು ರಿಪೇರಿ ಮಾಡಿದ ಯಜಮಾನರಿಗೆ ಎಪ್ಪತ್ತು ದಾಟಿದ ಮೇಲೆ ತಮ್ಮದೂ ಒಂದಿರಲಿ ಅನ್ನಿಸಿತು. ಯುರೋಪಿನ ಯಾವುದೋ ಹರಾಜಿನಲ್ಲಿ ನೂರು ವರ್ಷಕ್ಕೂ ಹಳೆಯದೊಂದು ರೈಫಲ್ ಹಿಡಿದರು. ನಳಿಗೆಯ ಕೆಳಗೆ ಸಾಲಾಗಿ ತೋಟಾ ತುಂಬಿಟ್ಟರೆ, ಬೋಲ್ಟನ್ನು, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಅಗುಳಿಯನ್ನು, ಎಳೆದು ತಳ್ಳಿದಂತೆಲ್ಲ ಒಂದಾದ ಮೇಲೊಂದು ಮೇಲೆ ಬರುವಂಥದ್ದು. ಕಾಯಿಸಿ ಸತಾಯಿಸಿ ಕೊನೆಗೆ ಅದು ಕ್ಲಬ್ಬಿಗೆ ಬಂದ ದಿನ ಟೋವಾ ಪಾಯೋದ ಅವರ ಮನೆಯಲ್ಲಿ ಅವರ ಹೆಂಡತಿ, ನಾನು ಅಮ್ಮಾವ್ರು ಅನ್ನುತ್ತಿದ್ದವರು, ಪಾಯಸ ಮಾಡಿದ್ದರು.

"ನಾನು ಈ ಮನೆಗೆ ಬಂದಾಗ್ಲೂ ನಿಮ್ಮ ಯಜಮಾನ್ರು ಇಷ್ಟು ಹಿಗ್ಗಲಿಲ್ಲಪ್ಪ," ಎಂದರು ಬಡಿಸುತ್ತಾ.

"ನೀನು ಬಂದಾಗ ನನಗೇನು ಗೊತ್ತಿತ್ತು, ಅದಕ್ಕಿಂತ ಜೋರಾಗಿ ಸದ್ದು ಮಾಡ್ತೀಯ ಅಂತ!"

ಸೌಟು ಯಜಮಾನರ ತಲೆಗೆ ಬೀಳುವುದೊಂದು ಬಾಕಿ.

ಆದರೆ ಆ ರೈಫಲ್ಲಿನ ತೋಟಾ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಹಳೆಯ ತೋಟಾಕ್ಕೆ ಗುಂಡು ಸಿಡಿಸುವ ಪಿನ್ನು ಬಡಿಯುತ್ತಿದ್ದದ್ದು ತಳದ ಅಂಚಿಗೆ. ಈಗಿನದಕ್ಕೆ ತಳದ ನಡುಮಧ್ಯಕ್ಕೆ ಬಡಿಯಬೇಕು. ಅಂದರೆ ಬೋಲ್ಟಿನ ಮೂತಿಯನ್ನೇ ಹೊಸದಾಗಿ ಮಾಡಬೇಕು. ಹಳೇ ಉಕ್ಕು ಈಗಿನ ಮದ್ದಿನ ಒತ್ತಡ ತಾಳದು, ಆದ್ದರಿಂದ ಮದ್ದೂ ಕಮ್ಮಿ. "ಹಲ್ಲು ಬಿದ್ದ ಮುದುಕನಿಗೆ ಊಟ ಬಿಡಿಸ್ತಾರೇನೋ? ಮೆತ್ತಗೆ ಕಲೆಸಿ ಹಾಕ್ತಾರೆ," ಎಂದು ನಕ್ಕು ಕೆಲಸವನ್ನು ನನಗೇ ಕೊಟ್ಟರು. ಒಂದೇ ಶರತ್ತು. ಭುಜಕ್ಕಿಟ್ಟು ಹೊಡೆಯುವ ಮೊದಲ ಗುಂಡು ಅವರದು.

ಆ ಹೊತ್ತಿಗಾಗಲೇ ಯಜಮಾನರಿಗೆ ಕೆಮ್ಮು ಹತ್ತಿಕೊಂಡಿತ್ತು. ಎಮ್‌ಆರ್‌ಟಿ ರೈಲು ನಿಲ್ದಾಣದ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಮೊಬೈಲು ನೋಡುವವರ ಹಾಗೆ ನಟಿಸುತ್ತಿದ್ದರು. ಒಂದು ಸಂಜೆ ಅಮ್ಮಾವ್ರು ನನ್ನನ್ನು ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ತೆರೆದ ಜಗಲಿಗೆ, ಕರೆಸಿ ಕೂರಿಸಿದರು. ಶ್ವಾಸಕೋಶದಲ್ಲಿ ಗಡ್ಡೆ, ಹಬ್ಬಿಬಿಟ್ಟಿದೆ ಎಂದರು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, "ಬೇಗ ಮಾಡಿಕೊಡಪ್ಪ. ಅದೊಂದು ಹೊಡೆದುಬಿಡಲಿ," ಎಂದರು.

ನಾನು ಊಟ ನಿದ್ದೆ ಬಿಟ್ಟು ಮಾಡಿದೆ. ಪಿನ್ನು ಹಾಯುವ ತೂತು ಮಾತ್ರ ಒಂದು ಕೂದಲೆಳೆ ಸಡಿಲವಾಗಿತ್ತು. ಯಜಮಾನರು ತಿರುಗಿಸಿ ತಿರುಗಿಸಿ ನೋಡಿದರು. ಹುಬ್ಬು ಏರಿತು.

"ಸಾಕು ಯಜಮಾನ್ರೇ, ಇದು ಕೆಲಸ ಮಾಡುತ್ತೆ," ಎಂದೆ.

"ಮಾಡುತ್ತೆ. ಒಂದು ದಿನ ಹಿಂದಕ್ಕೂ ಉಗುಳುತ್ತೆ. ಆಗ ಹೊಡೆಯೋನ ಕಣ್ಣು ಹೋದ್ರೆ ನೀನು ಕೊಡ್ತೀಯಾ? ನನ್ನ ಎದೆ ಕೆಟ್ಟಿದೆ ಅಂತ ಕಬ್ಬಿಣಕ್ಕೆ ರಿಯಾಯ್ತಿ ಕೊಡಬೇಡ ಕಣೋ."

ಅಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಂಡರು. ಎದುರು ಆಡಬೇಕು ಅನ್ನಿಸಿತು. ದಿನ ಎಲ್ಲಿ ಉಳಿದಿದೆ ನಿಮಗೆ ಅಂತ ಕೂಗಬೇಕು ಅನ್ನಿಸಿತು. ಹೋಗಿ ಹೊಸ ಉಕ್ಕಿನ ತುಂಡನ್ನು ಲೇತಿಗೆ ಕಟ್ಟಿದೆ. ಮತ್ತೆ ವಾರಗಟ್ಟಲೆ ಹಿಡಿಯಿತು. ಅದನ್ನು ಅವರು ಒಪ್ಪಿ, ಕ್ಲಬ್ಬಿನವರು ರೈಫಲ್ಲನ್ನು ಸ್ಟ್ಯಾಂಡಿಗೆ ಬಿಗಿದು, ದೂರದಿಂದ ಹಗ್ಗ ಎಳೆದು ಹಾರಿಸಿ ಪರೀಕ್ಷೆ ಮಾಡಿ ಪಾಸು ಮಾಡುವ ಹೊತ್ತಿಗೆ ಯಜಮಾನರು ವೀಲ್‌ಚೇರಿನಲ್ಲಿದ್ದರು.

ಮೊದಲ ಗುಂಡು ಹೊಡೆಯುವ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕ್ಲಬ್ಬಿಗೆ ಬಂದರು. ಅಮ್ಮಾವ್ರು ಹೊರಗೆ ಕ್ಯಾಂಟೀನಿನಲ್ಲೇ ಕೂತರು. ಯಜಮಾನರು ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಲು ಹೋದರು. ಅದು ಮೇಜಿನಿಂದ ಒಂದು ಗೇಣು ಎದ್ದು ಹಾಗೇ ಕೆಳಗೆ ಕೂತಿತು. ನಾನು ಮರಳಿನ ಚೀಲ ಜೋಡಿಸಿ ಅದರ ಮೇಲೆ ಒರಗಿಸಿಕೊಟ್ಟೆ. ತಾವೇ ಒಂದು ತೋಟಾ ತುಂಬಿದರು. ಕೆನ್ನೆಯನ್ನು ಕಟ್ಟಿಗೆಗೆ ಆನಿಸಿದರು. ಗುರಿ ಹಿಡಿಯುವಾಗ ಉಸಿರು ಕಟ್ಟಬೇಕು. ಅವರು ಕಟ್ಟಿದರು, ಕೆಮ್ಮು ಬಂತು. ಮತ್ತೆ ಕಟ್ಟಿದರು, ಮತ್ತೆ ಬಂತು. ನಳಿಗೆಯ ತುದಿ ನಡುಗುತ್ತಿತ್ತು.

ಸುಮ್ಮನೆ ಕುದುರೆ ಎಳೆದಿದ್ದರೆ ಗುಂಡು ಹೋಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಬೆರಳು ತೆಗೆದರು.

"ಆಗಲ್ಲ ಕಣೋ," ಎಂದರು. "ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲದೆ ಗುಂಡು ಬಿಡಬಾರದು."

ನಾನು ಕೈ ಚಾಚಿದರೆ ಬೇಡ ಎಂದು ತಲೆ ಆಡಿಸಿದರು. ತುಂಬಿದವರೇ ಖಾಲಿ ಮಾಡಬೇಕು ಅನ್ನುವುದು ಅವರೇ ಎಲ್ಲರಿಗೂ ಹೇಳಿಕೊಟ್ಟ ನಿಯಮ. ತಾವೇ ಬೋಲ್ಟು ಎಳೆದು ತೋಟಾ ಹೊರಗೆ ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಅದು ಬಿದ್ದುಹೋಯಿತು. ಮತ್ತೆ ನಿಲ್ಲಿಸಿದರು.

"ನೀನು ಹೊಡಿ. ನಾನು ನಿನ್ನ ಭುಜದ ಮೇಲೆ ಕೈ ಇಡ್ತೀನಿ." ಆಮೇಲೆ ಅಲ್ಲೇ ನಿಂತಿದ್ದ ಕ್ಲಬ್ಬಿನ ರೇಂಜ್ ಆಫೀಸರ್ ಕಡೆ ತಿರುಗಿ, ಆಗಬಹುದಾ ಅನ್ನುವುದಕ್ಕೆ ಈ ಊರಿನವರು ಕೇಳುವ ಹಾಗೆ, "ಕ್ಯಾನ್?" ಎಂದರು.

"ಕ್ಯಾನ್, ಅಂಕಲ್," ಎಂದ ಅವನು. ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ.

ಯಜಮಾನರೇ ಸೇರಿಸಿದ್ದರಿಂದ ಆ ಕ್ಲಬ್ಬಿನಲ್ಲಿ ನಾನೂ ಗುರಿ ಹಿಡಿಯಲು ಕಲಿತಿದ್ದೆ. ಕೂತೆ. ಬಲ ಭುಜದ ಹಿಂದೆ ಅವರ ಅಂಗೈ ಬಂತು. ಜ್ವರದ ಕೈ, ಅಂಗಿಯಾಚೆಯಿಂದಲೂ ಬಿಸಿ. ಕುದುರೆ ಎಳೆದೆ. ರೈಫಲ್ಲು ನನ್ನನ್ನು ಹಿಂದಕ್ಕೆ ತಳ್ಳಿತು, ನಾನು ಅವರ ಕೈಯನ್ನು ತಳ್ಳಿದೆ.

ಅವರು ಕೈ ತೆಗೆಯಲಿಲ್ಲ. "ತಳ್ಳುತ್ತೆ, ಒದೆಯಲ್ಲ," ಎಂದರು. "ಒಳ್ಳೇದು, ಒದೆಯಲ್ಲ." ಇನ್ನೊಂದು ಹೊಡಿ ಅಂತ ಕೇಳಲಿಲ್ಲ. ಗುರಿಹಲಗೆಯನ್ನೂ ನೋಡಲಿಲ್ಲ.

ಅದೇ ತಿಂಗಳು ಹೋದರು.

ಲೈಸೆನ್ಸು ಅವರ ಹೆಸರಿನದು, ಅವರ ಜೊತೆ ಮುಗಿಯಿತು. ರೈಫಲ್ಲನ್ನು ಹೊರದೇಶಕ್ಕೆ ಮಾರಬೇಕು, ಇಲ್ಲ ಪೊಲೀಸರಿಗೆ ಒಪ್ಪಿಸಿ ಪುಡಿ ಮಾಡಿಸಬೇಕು, ಇಲ್ಲ ಎಂದೂ ಹೊಡೆಯದ ಹಾಗೆ ಮುಚ್ಚಿ ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಇಡಬೇಕು. ಅಮ್ಮಾವ್ರು ಯೋಚನೆಯನ್ನೇ ಮಾಡಲಿಲ್ಲ. "ಬೇರೆ ಯಾರೂ ಅದನ್ನ ಹೊಡೆಯೋದು ಬೇಡ. ಮುಚ್ಚಿಬಿಡು. ನೀನೇ ಮುಚ್ಚು," ಎಂದರು.

ಪೊಲೀಸ್ ಆಫೀಸರೊಬ್ಬರು ಪಕ್ಕದಲ್ಲಿ ನಿಂತಿದ್ದರು. ನಳಿಗೆಯೊಳಗೆ ಉಕ್ಕಿನ ಸರಳು ಇಳಿಸಿ ಬೆಸೆದೆ. ಆಮೇಲೆ ಬೋಲ್ಟಿನ ಮೂತಿಯ ತೂತು. ಅದನ್ನು ಕೊರೆಯಲು ಅವರಿಗೆ ಉಸಿರು ಉಳಿದಿದ್ದ ದಿನಗಳನ್ನೇ ತಿಂದಿದ್ದೆ. ತುಂಬಲು ಒಂದು ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು. ಕಣ್ಣಿಗೆ ವೆಲ್ಡಿಂಗ್ ಗಾಜು ಇದ್ದದ್ದು ಒಳ್ಳೆಯದಾಯಿತು. ಉಬ್ಬಿದ್ದನ್ನು ಅರದಲ್ಲಿ ಉಜ್ಜಿ ನಯ ಮಾಡಿದೆ. ಕೆಡಿಸುವ ಕೆಲಸವೇ ಆದರೂ ಒರಟಾಗಿ ಬಿಡಲು ಕೈ ಒಪ್ಪಲಿಲ್ಲ.

ಕಪಾಟಿಗೆ ಇಡುವ ಮುಂಚೆ ಅಮ್ಮಾವ್ರು ನೋಡಲು ಬಂದರು. ಯಜಮಾನರಿದ್ದಾಗ ಒಂದು ಸಲವೂ ಅದನ್ನು ಮುಟ್ಟಿದವರಲ್ಲ. ಮಗುವನ್ನು ಎತ್ತಿಕೊಳ್ಳುವವರ ಹಾಗೆ ಎರಡು ಕೈ ಕೆಳಗೆ ಹಾಕಿದರು. ಎತ್ತಲು ಆಗಲಿಲ್ಲ.

"ಇಷ್ಟು ಭಾರಾನಾ ಇದು?" ಎಂದರು. "ಇದನ್ನಾ ಅವತ್ತು ಎತ್ತೋಕೆ ಹೋದದ್ದು ಅವರು? ಅಷ್ಟು ಸುಸ್ತಲ್ಲಿ?"

"ಎತ್ತಿದ್ರು ಅಮ್ಮಾ," ಎಂದೆ. "ಒಂದು ಗೇಣು ಎತ್ತಿದ್ರು."