ಕಾರ್ನೆಟ್‌ನವರು ಹೊತ್ತಿಸಿದ ಸಿಗರೇಟು

ಫಳ್ನೀರಿನ ನಮ್ಮ ಮದುವೆ ಬ್ಯಾಂಡಿನಲ್ಲಿ ಕಾರ್ನೆಟ್ ತುತ್ತೂರಿ ಊದುತ್ತಿದ್ದವರು ಬೀಡಿ ಬಿಟ್ಟದ್ದು ಸಿಟ್ಟಿನಿಂದ. ಒಮ್ಮೆ ಹಾಡಿನ ನಡುವೆ ಕೆಮ್ಮು ಬಂದಾಗ ಬ್ಯಾಂಡ್ ಮಾಸ್ಟರು ಎಲ್ಲರೆದುರು, “ಉಸಿರಿಲ್ಲದವನಿಗೆ ಕಾರ್ನೆಟ್ ಎಂತಕ್ಕೆ? ಇನ್ನು ಡ್ರಮ್ ಹೊಡಿ” ಎಂದುಬಿಟ್ಟಿದ್ದರು.

ಅಂದಿನಿಂದ ಅವರು ಬೀಡಿ ಮುಟ್ಟಲಿಲ್ಲ. ಆದರೆ ಕಟ್ಟನ್ನು ಎಸೆಯಲೂ ಇಲ್ಲ. ಎದೆಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. “ಅದು ಕರೆಯುವುದಾದರೆ ಕರೆಯಲಿ ಮಾರಾಯ, ಹೋಗುವವ ನಾನಲ್ಲವಾ?” ಎಂದು ಜೇಬನ್ನು ಎರಡು ಸಲ ತಟ್ಟುತ್ತಿದ್ದರು. ಡ್ರಮ್ಮಿನ ನಾನೂ ಉಳಿದ ಗೆಳೆಯರೂ ಅವರಿಗೆ ಜೊತೆಯಾಗಲೆಂದು ಬೀಡಿ ಬಿಟ್ಟೆವು. ಅದಕ್ಕೂ ಬೈದರು: “ನನಗೆಂತ ಜ್ವರವಾ? ನೀವು ಎಳೀರಿ!” ನಾವು ಎಳೆಯಲಿಲ್ಲ.

ಬಲ್ಮಠದ ಒಂದು ಮದುವೆಯಲ್ಲಿ ಮದುಮಗಳ ತಂದೆ ತಾವೇ ವೀಳ್ಯ, ಸಿಗರೇಟಿನ ತಟ್ಟೆ ಹಿಡಿದು ನಮ್ಮ ಬಳಿ ಬಂದರು. ಬ್ಯಾಂಡಿನವರಿಗೆ ಅದು ದೊಡ್ಡ ಮರ್ಯಾದೆ. ನಾನು ಬೇಡವೆಂದೆ. ಗೆಳೆಯರೂ ಒಬ್ಬೊಬ್ಬರಾಗಿ ಬೇಡವೆಂದರು. ಮದುಮಗಳ ತಂದೆಯ ಮುಖ ಕಪ್ಪಿಟ್ಟಿತು.

“ನನ್ನ ತಟ್ಟೆಯಲ್ಲಿ ವಿಷ ಉಂಟಾ?”

ಕಾರ್ನೆಟ್‌ನವರು ಕೈ ಚಾಚಿ ಒಂದು ಸಿಗರೇಟು ತೆಗೆದರು. ಅವರು ಅದನ್ನು ಮದುಮಗಳ ತಂದೆಯ ಬೆರಳಿಗೇ ಕೊಟ್ಟು, ಕಡ್ಡಿ ಗೀರಿ ಹೊತ್ತಿಸಿದರು.

“ನೀವು ಎಳೆಯಿರಿ ಧನಿಗಳೇ. ನಾನು ಊದ್ತೇನೆ.”

ಊದಿದರು. ಹಾಡಿನ ಕೊನೆಯ ಸ್ವರಕ್ಕೆ ಬಂದಾಗ ನಿಲ್ಲಿಸಲು ಮಾಸ್ಟರು ಕೈ ಇಳಿಸಿದರು. ನಾವೆಲ್ಲ ನಿಲ್ಲಿಸಿದೆವು. ಕಾರ್ನೆಟ್‌ನವರೊಬ್ಬರು ಮಾತ್ರ ಮಾಸ್ಟರ ಮುಖವನ್ನೇ ನೋಡುತ್ತ ಆ ಸ್ವರವನ್ನು ಒಂದೇ ಉಸಿರಿನಲ್ಲಿ ಊದುತ್ತಲೇ ಇದ್ದರು.