ಎಕೋ ಕೋಣೆಯ ಮೇಡಮ್ಮ

ಮೊನ್ನೆ ನಂಜನಗೂಡಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡೆ. ಹೊಕ್ಕುಳ ಸುತ್ತ ಆ ತಣ್ಣನೆಯ ಲೋಳೆ ಸವರಿದ ಕೂಡಲೇ ಮೈಸೂರಿನ ಮೇಡಮ್ಮ ನೆನಪಾದರು. ದೊಡ್ಡಾಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್, ಅದೇ ಎಕೋ, ಮಾಡುತ್ತಿದ್ದವರು. ಲೋಳೆಯನ್ನು ಮೊದಲು ತಮ್ಮ ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ ಆಮೇಲೆ ಹಚ್ಚುತ್ತಿದ್ದರು...

ಆಗಿನ್ನೂ ಮನೆಗೊಂದೇ ಮೊಬೈಲು. ನನ್ನ ಸೊಸೆ ತಿ. ನರಸೀಪುರದ ಹುಡುಗಿ. ಮದುವೆಯಾದ ಎರಡನೇ ವರ್ಷಕ್ಕೇ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮೈಗಳ್ಳಿ ಅಂತ ನಾನೇ ಬೈದಿದ್ದೆ. ಒಂದು ದಿನ ಕಪಿಲೆ ಹೊಳೆಯ ಮೆಟ್ಟಿಲ ಮೇಲೆ ತುಟಿ ನೀಲಿಯಾಗಿ ಕುಸಿದಳು. ಚಿಕ್ಕಂದಿನಲ್ಲಿ ಬಂದಿದ್ದ ಕೀಲುಜ್ವರ ಹೃದಯದ ಕವಾಟವನ್ನು ಕಿರಿದು ಮಾಡಿದೆ ಎಂದರು ಮೈಸೂರಿನ ಡಾಕ್ಟರು. ತೊಡೆಯ ರಕ್ತನಾಳದಿಂದ ಬಲೂನು ಬಿಟ್ಟು ಹಿಗ್ಗಿಸಬಹುದೋ, ಎದೆ ಕೊಯ್ಯಲೇಬೇಕೋ, ಹೊಸದಾಗಿ ಬಂದ ತ್ರೀಡಿ ಯಂತ್ರದಲ್ಲಿ ನೋಡಿ ಹೇಳುತ್ತೇವೆ ಎಂದರು. ಕೊಯ್ಯುತ್ತಾರೆ ಅಂದರೆ ಸೊಸೆ ಆಸ್ಪತ್ರೆಯಿಂದಲೇ ಓಡಿಹೋಗುವವಳು.

ಎಕೋ ಕೋಣೆಯಲ್ಲಿ ಮೊದಲ ತಕರಾರು ಲಿಂಗದ್ದು. ನಾವು ಲಿಂಗ ಕಟ್ಟಿದವರು, ಕೊರಳಿನ ಶಿವದಾರ ಬಿಚ್ಚುವ ಹಾಗಿಲ್ಲ. ಲಿಂಗವಿದ್ದ ಬೆಳ್ಳಿ ಕರಡಿಗೆ ಸರಿಯಾಗಿ ಎಡ ಎದೆಯ ಮೇಲೇ ಕೂತಿತ್ತು. ನರ್ಸು ಬಿಚ್ಚಿಕೊಡಿ ಎಂದು ಕೈ ಚಾಚಿದ್ದೇ, ಸೊಸೆ ಎದ್ದು ಕುಳಿತಳು.

"ಪ್ರಾಣ ಓದ್ರೂವೆ ಬಿಚ್ಚಾಕಿಲ್ಲ ಅತ್ತೆ."

"ಪ್ರಾಣ ಓಗ್ದೆ ಇರ್ಲಿ ಅಂತ್ಲೇ ಕರ್ಕಬಂದಿರಾದು ಕಣಮ್ಮಿ. ಸುಮ್ಕೆ ಮನೀಕೊ," ಎಂದೆ ನಾನು.

ಮೇಡಮ್ಮ ನಕ್ಕರು. "ಬಿಚ್ಚೋದು ಬೇಡಮ್ಮ. ಪೂಜೇಲಿ ಎಲ್ಲಿಟ್ಕೋತೀರಿ?"

ಸೊಸೆ ಎಡ ಅಂಗೈ ತೋರಿಸಿದಳು.

"ಅಲ್ಲೇ ಇಟ್ಕೊಳ್ಳಿ. ಎಡ ಮಗ್ಗುಲಿಗೆ ತಿರುಗಿ, ಆ ಕೈ ತಲೆ ಹತ್ರ ಇರ್ಲಿ."

ದಾರ ಕೊರಳಲ್ಲೇ ಉಳಿಯಿತು, ಎದೆ ಖಾಲಿಯಾಯಿತು.

ಎರಡನೆಯದು ಉಸಿರು. ನಾಲ್ಕು ಬಡಿತದ ಚಿತ್ರಗಳನ್ನು ಯಂತ್ರ ಒಟ್ಟಿಗೆ ಹೊಲಿಯುತ್ತದಂತೆ. ಅಷ್ಟರಲ್ಲಿ ಉಸಿರಾಡಿದರೆ ಹೊಲಿಗೆ ತಪ್ಪುತ್ತದೆ. ಉಸಿರು ಹಿಡಿ ಅಂದರೆ ಸೊಸೆಗೆ ಗೊತ್ತಿದ್ದದ್ದು ಒಂದೇ, ಹೊಳೆಯಲ್ಲಿ ಮುಳುಗು ಹಾಕುವುದು. ಎದೆ ತುಂಬ ಎಳೆದುಕೊಂಡಳು. ಉಬ್ಬಿದ ಶ್ವಾಸಕೋಶ ಹೃದಯಕ್ಕೆ ಅಡ್ಡ ಬಂದು ಚಿತ್ರವೇ ಮಾಯ.

"ಹೊಳೆ ಸ್ನಾನ ಅಲ್ಲಮ್ಮ ಇದು. ಪೂರ್ತಿ ಬಿಟ್ಟು, ಆಮೇಲೆ ನಿಲ್ಸಿ."

ಏದುಸಿರಿನವಳಿಗೆ ಅದು ಸುಲಭವೇ? ಆರು ಸಲ ಕೆಟ್ಟಿತು. ಆರು ಸಲವೂ ಮೇಡಮ್ಮ ತಾವೂ ಉಸಿರು ಬಿಟ್ಟು ನಿಲ್ಲಿಸುತ್ತಿದ್ದರು. ಹೊರಗೆ ಸಾಲು ಬೆಳೆಯುತ್ತಿತ್ತು... ಏಳನೆಯದಕ್ಕೆ ಚಿತ್ರ ಹೊಲಿಗೆ ತಪ್ಪದೆ ನಿಂತಿತು.

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಡಿಯುವ ಹೃದಯದೊಳಗೆ ಅಂಗಿಯ ಕಾಜದಂಥ ಸೀಳು.

"ಇಷ್ಟರಲ್ಲೇ ರಕ್ತ ಎಲ್ಲಾ ತೂರಬೇಕು, ಅಮ್ಮ."

ನಾನು ಬೈದದ್ದೆಲ್ಲ ನೆನಪಾಯಿತು.

"ಆದ್ರೆ ನೋಡಿ, ಕವಾಟ ಎರಡು ತುದೀಲಿ ಅಂಟ್ಕೊಂಡಿದೆ ಅಷ್ಟೆ, ಗಟ್ಟಿಯಾಗಿಲ್ಲ. ಬಲೂನು ಹಾಕಿದ್ರೆ ಬಿಟ್ಕೊಳ್ಳೋ ಹಾಗಿದೆ. ಡಾಕ್ಟ್ರು ನೋಡಿ ಹೇಳ್ತಾರೆ."

ಡಾಕ್ಟರೂ ಅದನ್ನೇ ಹೇಳಿದರು. ಬಲೂನು ಬಿಟ್ಟ ಮೂರನೇ ದಿನ ಸೊಸೆ ತಾನೇ ನಡೆದು ನಂಜನಗೂಡಿನ ರೈಲು ಹತ್ತಿದಳು.

ಆಮೇಲೆ ವರ್ಷಕ್ಕೊಮ್ಮೆ ತೋರಿಸಲು ಹೋದಾಗಲೆಲ್ಲ ಮೇಡಮ್ಮನೇ ಇರುತ್ತಿದ್ದರು. ಹೋದ ವರ್ಷ ಬೇರೆ ಹುಡುಗಿ ಇದ್ದಳು. ಕೇಳಿದರೆ, ಕಾಯಿಲೆ ಬಿದ್ದು ತೀರಿಕೊಂಡರು ಅಂದಳು. ನಾನು ಅಳಲಿಲ್ಲ, ಅತ್ತು ಏನಾಗಬೇಕು. ಕುರ್ಚಿ ಕೊಟ್ಟರೂ ಕೂರಲು ಮನಸ್ಸಾಗಲಿಲ್ಲ. ಕವಾಟ ಚೆನ್ನಾಗೇ ತೆರೆದುಕೊಳ್ಳುತ್ತಿದೆ ಎಂದು ಆ ಹುಡುಗಿ ಹೇಳಿದಾಗಲೂ ನಿಂತೇ ಇದ್ದೆ.

ಈ ತಿಂಗಳು ಮತ್ತೆ ಹೋಗಬೇಕು. ನನ್ನ ಮಂಡಿ ನೋವು ನೋಡಿ ಸೊಸೆ ಗದರುತ್ತಾಳೆ: "ಬುಡಿ ಅತ್ತೆ, ನಾನೊಬ್ಳೇ ಓಗ್ಬತ್ತೀನಿ."

ಹೋಗಿಬರಲಿ. ಆ ಕೋಣೆಯಲ್ಲಿ ನನಗೆ ಬೇಕಾದವರು ಈಗ ಯಾರೂ ಇಲ್ಲ.